ಗಡ್ಡೆ ಕಳಿಸುವ ಪಾರ್ಸೆಲ್: ರಕ್ತದಲ್ಲೇ ಕ್ಯಾನ್ಸರ್ ಗುರುತು ಸಿಗುತ್ತಾ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಸಂಶಯ ಬಂದರೆ ಮೊದಲು ಕಾಡುವುದು ಬಯಾಪ್ಸಿಯ ಹೆದರಿಕೆ. ‘ಬರೀ ರಕ್ತ ನೋಡಿ ಹೇಳೋಕಾಗಲ್ವಾ?’ ಅಂತ ಕೇಳದವರು ಕಡಿಮೆ. ಜಗತ್ತಿನ ಹಲವು ಪ್ರಯೋಗಾಲಯಗಳೂ ಈಗ ಇದೇ ಪ್ರಶ್ನೆಯ ಹಿಂದೆ ಬಿದ್ದಿವೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಹೆಸರುಗಳು ಎಕ್ಸೋಸೋಮ್ ಮತ್ತು ವೃತ್ತಾಕಾರದ ಆರ್‌ಎನ್‌ಎ.

ಕ್ಯಾನ್ಸರ್ ಗಡ್ಡೆ ಅಂದರೆ ಕೆಟ್ಟ ಕೋಶಗಳ ಮುದ್ದೆ ಮಾತ್ರ ಅಲ್ಲ. ಅದರ ಸುತ್ತ ರಕ್ತನಾಳ, ರೋಗನಿರೋಧಕ ಕೋಶ, ಅಂಗಾಂಶ ಕಟ್ಟುವ ಕೋಶ ಎಲ್ಲವೂ ಇರುತ್ತವೆ. ಈ ನೆರೆಹೊರೆಯನ್ನೇ ಗಡ್ಡೆಯ ಸೂಕ್ಷ್ಮಪರಿಸರ ಅನ್ನುತ್ತಾರೆ. ಕ್ಯಾನ್ಸರ್ ಬೀಜವಾದರೆ ಅದು ಬೇರು ಬಿಡಲು ತಕ್ಕ ಮಣ್ಣೂ ಬೇಕು ಎಂಬ ವಿಚಾರವನ್ನು ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಮುಂದಿಟ್ಟಿದ್ದರು.

ಗಡ್ಡೆ ಈ ನೆರೆಯವರನ್ನು ತನ್ನ ಕಡೆ ಮಾಡಿಕೊಳ್ಳುವುದು ಹೇಗೆ? ಒಂದು ದಾರಿ ಪಾರ್ಸೆಲ್. ಕೋಶಗಳು ಹೊರಗೆ ಬಿಡುವ 30ರಿಂದ 150 ನ್ಯಾನೋಮೀಟರಿನ ಪುಟ್ಟ ಚೀಲಗಳೇ ಎಕ್ಸೋಸೋಮ್. ಆರೋಗ್ಯವಂತ ಕೋಶಗಳೂ ಇವನ್ನು ಬಿಡುತ್ತವೆ. 1983ರಲ್ಲಿ ಬೆಳೆಯುತ್ತಿರುವ ಕೆಂಪು ರಕ್ತಕಣಗಳಲ್ಲಿ ಇವು ಕಂಡಾಗ ಕೋಶದ ಕಸ ಎಂದೇ ತಿಳಿಯಲಾಗಿತ್ತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಇವುಗಳೊಳಗೆ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶಕ್ಕೆ ಹೋಗಿ ಕೆಲಸ ಮಾಡುತ್ತದೆ ಅಂತ ತೋರಿಸಿದರು.

ಸಾಮಾನ್ಯ ಆರ್‌ಎನ್‌ಎ ಎರಡು ತುದಿಯ ದಾರದ ಹಾಗೆ. ಕಿಣ್ವಗಳು ತುದಿಯಿಂದ ಹಿಡಿದು ಅದನ್ನು ಕರಗಿಸುತ್ತವೆ. ಬಳೆಯ ಹಾಗೆ ಸುತ್ತಿಕೊಂಡ ಆರ್‌ಎನ್‌ಎಗೆ ತುದಿಯೇ ಇಲ್ಲ. ಹಾಗಾಗಿ ಅದು ಬೇಗ ಹಾಳಾಗೋದಿಲ್ಲ. ರಕ್ತದಲ್ಲಿ ಹುಡುಕುವವರಿಗೆ ಇದೇ ದೊಡ್ಡ ಅನುಕೂಲ. 2015ರಲ್ಲಿ ಚೀನಾದ ಸಂಶೋಧಕರು ಮನುಷ್ಯರ ರಕ್ತದ್ರವದ ಎಕ್ಸೋಸೋಮ್‌ಗಳಲ್ಲಿ ಇಂಥ 1000ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದರು. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಬೇರೆ ಮಾಡಿ ನೋಡಲು ಇವು ನೆರವಾಗಬಹುದು ಎಂದೂ ಕಂಡಿತು.

ಚಿಕಿತ್ಸೆಗೂ ಇದು ಸಂಬಂಧಪಟ್ಟ ವಿಷಯ. 2020ರ ಒಂದು ಅಧ್ಯಯನದ ಪ್ರಕಾರ, ಯಕೃತ್ತಿನ ಕ್ಯಾನ್ಸರ್ ಕೋಶಗಳು ಸರ್ಕ್‌ಯುಎಚ್‌ಆರ್‌ಎಫ್1 ಎಂಬ ವೃತ್ತಾಕಾರದ ಆರ್‌ಎನ್‌ಎಯನ್ನು ಪಾರ್ಸೆಲ್ ಮಾಡಿ, ಗಡ್ಡೆಯನ್ನು ಕೊಲ್ಲಬೇಕಾದ ಎನ್‌ಕೆ ಕೋಶಗಳನ್ನೇ ಸುಸ್ತು ಮಾಡುತ್ತವೆ. ಪಿಡಿ-1 ತಡೆಯುವ ಇಮ್ಯುನೋಥೆರಪಿ ಕೆಲವರಲ್ಲಿ ಫಲಿಸದಿರಲು ಇದೂ ಒಂದು ಕಾರಣ ಇರಬಹುದು.

ಆದರೆ ಪ್ರಯೋಗಾಲಯದಿಂದ ಆಸ್ಪತ್ರೆಗೆ ದಾರಿ ದೂರ. ಹೆಚ್ಚಿನ ಪ್ರಯೋಗಗಳು ನಡೆದಿರುವುದು ಕೋಶಗಳಲ್ಲಿ, ಇಲಿಗಳಲ್ಲಿ, ಇಲ್ಲವೇ ಸ್ವಲ್ಪವೇ ರೋಗಿಗಳಲ್ಲಿ. ಎಕ್ಸೋಸೋಮ್ ಬೇರ್ಪಡಿಸುವ ವಿಧಾನವೂ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ರಕ್ತದಲ್ಲಿ ಗಡ್ಡೆಯ ಪಾರ್ಸೆಲ್ ಯಾವುದು, ಆರೋಗ್ಯವಂತ ಕೋಶದ್ದು ಯಾವುದು ಅಂತ ವಿಂಗಡಿಸುವುದು ಸುಲಭ ಅಲ್ಲ.

ಇಲ್ಲೇ ಎಚ್ಚರ ಬೇಕಾಗಿರುವುದು. ‘ಎಕ್ಸೋಸೋಮ್ ಚಿಕಿತ್ಸೆ’ ಅಂತ ಜಾಹೀರಾತು ಬಂದರೆ ನಂಬಿ ಹಣ ಕಟ್ಟುವ ಮೊದಲು ತಜ್ಞ ವೈದ್ಯರನ್ನು ಕೇಳಬೇಕು. ಅಮೆರಿಕದಲ್ಲಿ ಅನುಮತಿಯಿಲ್ಲದ ಇಂಥ ಉತ್ಪನ್ನ ಪಡೆದ ಕೆಲವರಿಗೆ ಗಂಭೀರ ತೊಂದರೆಯಾಗಿ, 2019ರ ಡಿಸೆಂಬರಿನಲ್ಲಿ ಅಲ್ಲಿನ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತ್ತು.

ಬಳೆಯಾಕಾರದ ಆರ್‌ಎನ್‌ಎಯಿಂದ ನಾಳೆ ಒಳ್ಳೆಯ ರಕ್ತಪರೀಕ್ಷೆ ಬರಬಹುದು. ಅದನ್ನು ಕಾಯುತ್ತಾ ಇವತ್ತಿನ ಪರೀಕ್ಷೆಯನ್ನು ಮುಂದೂಡುವ ಹಾಗಿಲ್ಲ. ಬಾಯಿಯ ಹುಣ್ಣು ಎರಡು-ಮೂರು ವಾರ ಕಳೆದರೂ ವಾಸಿಯಾಗದಿದ್ದರೆ, ಎಲ್ಲಾದರೂ ಗಂಟು ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅವರು ಬಯಾಪ್ಸಿ ಮಾಡಿಸಿ ಅಂದರೆ ಹೆದರಿ ತಡ ಮಾಡಬಾರದು. ಬೇಗ ಗೊತ್ತಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.