ಎಂಟು ನಿಮಿಷದ ಠೇವಣಿ

ಬ್ಯಾಂಕಿನಲ್ಲಿ ಅವಧಿ ಠೇವಣಿ ಇಟ್ಟವರಿಗೆಲ್ಲ ಗೊತ್ತು: ಹಣ ನಮ್ಮದೇ, ಆದರೆ ಗಡುವು ಮುಗಿಯುವ ತನಕ ಕೈಗೆ ಸಿಗದು. ಪಿಯುಸಿ ಓದುವ ನನ್ನ ಮೊಮ್ಮಗಳು ಆಡುವ ‘ಡೋಟಾ 2’ ಎಂಬ ಕಂಪ್ಯೂಟರ್ ಆಟ ನಡೆಯುವುದೂ ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ. ಅದಕ್ಕೆ ಅವರು ‘ಕೂಲ್‌ಡೌನ್’ ಅನ್ನುತ್ತಾರೆ.

ನನ್ನ ವಾರಿಗೆಯ ಅಜ್ಜ ಅಜ್ಜಿಯರಿಗಾಗಿ ಆಟವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಮಕ್ಕಳು ಬೇಕಾದರೆ ಈ ಪ್ಯಾರಾ ಹಾರಿಸಿ ಓದಿ. ಐದೈದು ಜನರ ಎರಡು ತಂಡ. ಮೂರು ದಾರಿಗಳಿರುವ ಮೈದಾನ. ದಾರಿಯುದ್ದಕ್ಕೂ ಕಾವಲು ಗೋಪುರಗಳು, ತುದಿಯಲ್ಲಿ ಕೋಟೆ. ಎದುರಾಳಿಯ ಕೋಟೆಯೊಳಗಿನ ಮುಖ್ಯ ಕಟ್ಟಡ ಕೆಡವಿದವರು ಗೆದ್ದರು. ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವೀರ, ವೀರನಿಗೆ ಕೆಲವೇ ವಿದ್ಯೆಗಳು. ಒಂದನ್ನು ಬಳಸಿದೊಡನೆ ತೆರೆಯ ಮೇಲೆ ಅದರ ಚಿತ್ರ ಮಂಕಾಗಿ ಅಂಕಿ ಇಳಿಯತೊಡಗುತ್ತದೆ. ಸಣ್ಣ ವಿದ್ಯೆ ಕೆಲವೇ ಸೆಕೆಂಡಿನಲ್ಲಿ ಮರಳುತ್ತದೆ. ದೊಡ್ಡದಕ್ಕೆ ಒಂದು ನಿಮಿಷವೋ ಎರಡು ನಿಮಿಷವೋ ಕಾಯಬೇಕು. ಸತ್ತ ವೀರ ಚಿನ್ನ ತೆತ್ತು ತಕ್ಷಣ ಬದುಕಿ ಬರಬಹುದು. ಇದು ‘ಬೈಬ್ಯಾಕ್’. ಒಮ್ಮೆ ಹೀಗೆ ಬಂದರೆ ಮತ್ತೆ ಎಂಟು ನಿಮಿಷ ಆ ಬಾಗಿಲು ಮುಚ್ಚಿರುತ್ತದೆ. ಬ್ಯಾಂಕಿನಲ್ಲಾದರೆ ದಂಡ ಕೊಟ್ಟು ಠೇವಣಿ ಮುರಿಸಬಹುದು. ಇಲ್ಲೂ ವಿದ್ಯೆಗಳ ಕಾಯುವಿಕೆ ತಪ್ಪಿಸಲು ‘ರಿಫ್ರೆಶರ್ ಆರ್ಬ್’ ಎಂಬ ದುಬಾರಿ ವಸ್ತು ಇದೆಯಂತೆ. ತಮಾಷೆ ನೋಡಿ, ಅದಕ್ಕೂ ಒಂದು ಕೂಲ್‌ಡೌನ್!

ನಮ್ಮ ಅಂಕಿ ನಮಗೆ ಕಾಣುತ್ತದೆ, ಎದುರಾಳಿಯದು ಕಾಣುವುದಿಲ್ಲ. ಅವನು ಯಾವಾಗ ಖರ್ಚು ಮಾಡಿದ, ಯಾವಾಗ ಮತ್ತೆ ಸಿದ್ಧನಾಗುತ್ತಾನೆ ಎಂಬುದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. ಜಾಣ ತಂಡದವರು ಮೇಲೆ ಬೀಳುವಂತೆ ಮುಂದೆ ನುಗ್ಗುತ್ತಾರೆ. ಎದುರಿನವರು ಗಾಬರಿಯಿಂದ ದೊಡ್ಡ ವಿದ್ಯೆ ಪ್ರಯೋಗಿಸುತ್ತಾರೆ. ಇವರು ಹಿಂದೆ ಸರಿದು, ಅದು ಮರಳುವ ಮೊದಲೇ ನಿಜವಾಗಿ ಬಂದು ಬೀಳುತ್ತಾರೆ. ಒತ್ತಡ ಹಾಕುವುದು ಅಂದರೆ ಇದು.

ನನ್ನ ಮೊಮ್ಮಗಳಿಗೆ ಕಷ್ಟವಾದದ್ದೂ ಇಲ್ಲೇ. ಅವಳದು ‘ಸಪೋರ್ಟ್’ ಕೆಲಸ, ಉಳಿದವರನ್ನು ಕಾಪಾಡುವವಳು. ಎದುರಾಳಿ ತಲೆ ತೋರಿಸಿದರೆ ಸಾಕು, ಇದ್ದಬದ್ದ ವಿದ್ಯೆಯನ್ನೆಲ್ಲ ಒಮ್ಮೆಲೇ ಸುರಿದುಬಿಡುತ್ತಿದ್ದಳು. ನಿಜವಾದ ಜಗಳದ ಹೊತ್ತಿಗೆ ಕೈ ಖಾಲಿ. ಗೆಳೆಯರು ‘ಗಾಬರಿ ಗೌರಮ್ಮ’ ಎಂದು ಹೆಸರಿಟ್ಟರು. ಮೊದಲು ನಕ್ಕಳು. ಆಮೇಲೊಂದು ದಿನ ರಾತ್ರಿ ಊಟ ಬಿಟ್ಟು, “ತಾತ, ನಾನು ತಂಡ ಬಿಟ್ಟುಬಿಡ್ತೀನಿ,” ಅಂದಳು.

ಬ್ಯಾಂಕಿನಲ್ಲಿ ನಾನು ಬಹಳ ವರ್ಷ ಡ್ಯೂ ಡೇಟ್ ಡೈರಿ ನೋಡಿಕೊಂಡವನು. ಯಾವ ಠೇವಣಿ ಯಾವತ್ತು ಪಕ್ವವಾಗುತ್ತದೆ ಎಂಬ ಪಟ್ಟಿ ಅದು. ಮುಗಿದ ಆಟವನ್ನು ಮತ್ತೆ ಹಾಕಿ ನೋಡಬಹುದು ಎಂದು ತಿಳಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತೆ. ಬಳಸಿದ ಸಮಯ, ಮರಳುವ ಸಮಯ, ಯಾವ ಕಾರಣಕ್ಕೆ. ಒಂದು ಆಟದಲ್ಲಿ ದೊಡ್ಡ ವಿದ್ಯೆಯನ್ನು 9 ಸಲ ಬಳಸಿದ್ದಳು. ಅದರಲ್ಲಿ 6 ಸಲ ಎದುರಾಳಿ ಸುಮ್ಮನೆ ಬಂದು ಹೆದರಿಸಿ ಹೋಗಿದ್ದ! ಪುಟ ನೋಡಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎದುರು ತಂಡದ್ದೂ ಹೀಗೇ ಬರೆಯೋಣ ತಾತ,” ಅಂದಳು. ಪಕ್ಕದ ಪುಟದಲ್ಲಿ ಅದನ್ನೂ ಶುರುಮಾಡಿದೆವು. ಮೈದಾನದಲ್ಲಿ ರೋಶನ್ ಎಂಬ ರಾಕ್ಷಸನಿದ್ದಾನೆ. ಕೊಂದರೆ 8ರಿಂದ 11 ನಿಮಿಷದೊಳಗೆ ಯಾವಾಗ ಬೇಕಾದರೂ ಮತ್ತೆ ಹುಟ್ಟುತ್ತಾನೆ. ಅವನಿಗೊಂದು ಕಾಲಂ ಬೇರೆ.

ಆಮೇಲೆ ಅವಳೇ ನನಗೆ ಒಂದು ಹಳೆಯ ಪಂದ್ಯ ತೋರಿಸಿದಳು. 2013ರ ಆಗಸ್ಟ್, ಅಮೆರಿಕದ ಸಿಯಾಟಲ್ ನಗರ. ಸಂಗೀತ ಕಛೇರಿ ನಡೆಯುವ ಬೆನರೋಯಾ ಹಾಲ್‌ನಲ್ಲಿ ‘ದಿ ಇಂಟರ್‌ನ್ಯಾಷನಲ್’ ಪಂದ್ಯಾವಳಿಯ ಫೈನಲ್. ಸ್ವೀಡನ್ನಿನ ಅಲಯನ್ಸ್ ತಂಡಕ್ಕೂ ಉಕ್ರೇನಿನ ನಾಟಸ್ ವಿನ್ಸೆರೆ ತಂಡಕ್ಕೂ ಎರಡೆರಡು ಆಟ ಸಮ. ಐದನೆಯ ಆಟದಲ್ಲಿ ಅಲಯನ್ಸ್‌ನವರು ಎದುರಾಳಿಯ ಕೋಟೆಗೆ ನುಗ್ಗಿದ್ದಾರೆ. ಕಾಪಾಡಬೇಕಾದವರು ಮೈದಾನದಲ್ಲಿ ದೂರ ಉಳಿದಿದ್ದಾರೆ. ಕೋಟೆಗೆ ಹಾರಿ ಹೋಗುವ ಮಂತ್ರದ ಸುರುಳಿ ಅವರ ಬಳಿ ಇದೆ, ಆದರೆ ಅದಕ್ಕೆ ಕೆಲವು ಕ್ಷಣ ಅಲುಗದೆ ನಿಲ್ಲಬೇಕು. ನಿಂತರು. ಅಲಯನ್ಸ್‌ನ ಗುಸ್ತಾವ್ ಮ್ಯಾಗ್ನುಸನ್ ಪಕ್ ಎಂಬ ವೀರನಾಗಿ ಹತ್ತಿರದಲ್ಲೇ ಇದ್ದ. ಅವನ ದೊಡ್ಡ ವಿದ್ಯೆ ‘ಡ್ರೀಮ್ ಕಾಯ್ಲ್’. ಬಳಸಿದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮತ್ತೆ ಸಿಗದು. ಸರಿಯಾದ ಗಳಿಗೆಯಲ್ಲಿ ಬೀಸಿದ. ಅವರ ಮಂತ್ರ ಅರ್ಧಕ್ಕೇ ತುಂಡಾಯಿತು. ಕೋಟೆ ಉಳಿಯಲಿಲ್ಲ. ಅಲಯನ್ಸ್‌ಗೆ ಬಂದ ಬಹುಮಾನ 14 ಲಕ್ಷ ಡಾಲರಿಗೂ ಹೆಚ್ಚು. ಆ ಏಟಿಗೆ ಅಭಿಮಾನಿಗಳು ಇಂದಿಗೂ ‘ಮಿಲಿಯನ್ ಡಾಲರ್ ಡ್ರೀಮ್ ಕಾಯ್ಲ್’ ಅನ್ನುತ್ತಾರೆ.

ನಮ್ಮವರೇನೂ ಕಡಿಮೆಯಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು.

ಹೋದ ವಾರದ ಅಭ್ಯಾಸದಲ್ಲಿ ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎದುರಾಳಿ ನುಗ್ಗಿದ. “ಹಾಕೇ, ಹಾಕೇ!” ಎಂದು ಗೆಳೆಯರ ಕೂಗು ಹೆಡ್‌ಫೋನಿನಿಂದ ಹೊರಗೂ ಕೇಳುತ್ತಿತ್ತು. ಇವಳ ಬೆರಳು ನಡುಗುತ್ತಿತ್ತು, ಒತ್ತಲಿಲ್ಲ. ಒಂದು ಗೋಪುರ ಹೋಯಿತು. ಎದುರಾಳಿ ಹಿಂದೆ ಸರಿದು, ಎರಡನೇ ಸಲ ಐವರನ್ನೂ ಕಟ್ಟಿಕೊಂಡು ಬಂದ. ಆಗ ಒತ್ತಿದಳು. ಮೂವರು ಸಿಕ್ಕಿಬಿದ್ದರು. ಆಟವನ್ನೇನೋ ಇವರು ಸೋತರು, ಆದರೆ ಆ ರಾತ್ರಿ ಯಾರೂ ಗೌರಮ್ಮ ಅನ್ನಲಿಲ್ಲ.

ಕಾಲೇಜು ತಂಡದ ಆಯ್ಕೆ ಬರುವ ಭಾನುವಾರ ಸಂಜೆ. ಇಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಎದ್ದುಹೋದರೆ ಆಟ ಬಿಟ್ಟಂತೆ ಲೆಕ್ಕ, ಉಳಿದ ನಾಲ್ವರಿಗೂ ಪೆಟ್ಟು. ಆದ್ದರಿಂದ ಅವಳಜ್ಜಿಗೆ ಈಗಲೇ ಹೇಳಿಟ್ಟಿದ್ದೇನೆ, ಅವತ್ತು ಒಂಬತ್ತಕ್ಕೆ ಮೊದಲು ಯಾರನ್ನೂ ಊಟಕ್ಕೆ ಕರೆಯಬೇಡ ಎಂದು.