ಸಾಣೆ ಹಿಡಿದ ಸನ್ನೆಗೋಲು

ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಮಿನಿ ಎಂಬ ಪುಟ್ಟ ಕಾರನ್ನು ಪಂದ್ಯಕ್ಕೆ ಅಣಿಗೊಳಿಸುವ ಹವ್ಯಾಸಿಗಳು, ಅದರ 848 ಘನ ಸೆಂಟಿಮೀಟರಿನ ಎಂಜಿನ್ನನ್ನು ಮನೆಯಲ್ಲಿಯೇ ಬಿಚ್ಚಿ ತಿದ್ದುವುದುಂಟು. ಹಾಗೆ ತಿದ್ದುವ ಭಾಗಗಳಲ್ಲಿ ರಾಕರ್ ಒಂದು.

ರಾಕರ್ ಎಂದರೇನು? ನಾವು ತರಗತಿಯಲ್ಲಿ ಬೋಧಿಸುವ ಸನ್ನೆಗೋಲೇ ಅದು. ಕ್ಯಾಮ್ ತಳ್ಳುಗೋಲನ್ನು ಎತ್ತಿದಾಗ ರಾಕರಿನ ಒಂದು ತುದಿ ಏರುತ್ತದೆ. ಇನ್ನೊಂದು ಇಳಿದು ಕವಾಟವನ್ನು ತೆರೆಯುತ್ತದೆ. ತಳ್ಳುಗೋಲಿನ ಕಡೆಯ ತೋಳು 24 ಮಿಲಿಮೀಟರ್, ಕವಾಟದ ಕಡೆಯದು 30 ಎಂದು ಭಾವಿಸೋಣ. ನಿಷ್ಪತ್ತಿ 1.25. ಕ್ಯಾಮ್ 6.4 ಮಿ.ಮೀ. ಎತ್ತಿದರೆ ಕವಾಟ 8 ಮಿ.ಮೀ. ತೆರೆಯುತ್ತದೆ. ಕವಾಟವನ್ನು ಮುಟ್ಟುವ ಉಬ್ಬಿಗೆ ಸಾಣೆ ಹಿಡಿದು, ಸ್ಪರ್ಶಬಿಂದುವನ್ನು 1 ಮಿ.ಮೀ. ಹೊರಕ್ಕೆ ಸರಿಸಿದರೆ ಈ ಎತ್ತರ ಸುಮಾರು 8.27ಕ್ಕೆ ಏರುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ದೊರೆಯುತ್ತದೆ.

ಆದರೆ ಈ ಲಾಭಕ್ಕೆ ಬೆಲೆಯುಂಟು. ಅಷ್ಟೇ ಕಾಲದಲ್ಲಿ ಹೆಚ್ಚು ದೂರ ಚಲಿಸಬೇಕಾದುದರಿಂದ ಕವಾಟದ ವೇಗೋತ್ಕರ್ಷವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಅದನ್ನು ಹಿಡಿತದಲ್ಲಿಡಲು ಸ್ಪ್ರಿಂಗು ಬಲವಾಗಿರಬೇಕು. ಆ ಬಲವೂ ಉದ್ದವಾದ ತೋಳಿನ ಮೂಲಕ ಇಮ್ಮಡಿ ಹೊರೆಯೆಂಬಂತೆ ಕ್ಯಾಮಿನ ಮೇಲೆ ಬೀಳುತ್ತದೆ. ಸ್ಪರ್ಶಬಿಂದು ಕವಾಟದಂಡದ ಅಂಚಿಗೆ ಸರಿದರೆ ದಂಡವು ಪಕ್ಕಕ್ಕೆ ಒತ್ತಿ ಸವೆಯುತ್ತದೆ. ಉಬ್ಬಿನ ಗಡಸುತನವಾದರೋ ಸಾಮಾನ್ಯವಾಗಿ ತೆಳುವಾದ ಮೇಲ್ಪದರದಲ್ಲಿ ಮಾತ್ರ. ಸಾಣೆ ಅದನ್ನು ದಾಟಿತೆಂದರೆ ಒಳಗಿನ ಮೆದು ಲೋಹ ಬೇಗನೆ ಸವೆದು, ಗಳಿಸಿದ ಎತ್ತರವೂ ಕಳೆದುಹೋಗುತ್ತದೆ.

ಆದುದರಿಂದ ಬಲ್ಲವರು ಮೊದಲು ಎಂಟು ಕವಾಟಗಳ ಎತ್ತರವನ್ನೂ ಡಯಲ್ ಗೇಜಿನಿಂದ ಅಳೆಯುತ್ತಾರೆ. ಅವೆಲ್ಲ ಸಮನಾಗುವಷ್ಟು ಮಾತ್ರ ಉಜ್ಜಿ, ಕವಾಟದ ಬಿಡುವನ್ನು ಮತ್ತೆ ಸರಿಪಡಿಸುತ್ತಾರೆ. ಸಾಣೆಕಲ್ಲಿಗೆ ತೆಗೆಯುವುದು ಗೊತ್ತು, ಮರಳಿ ಸೇರಿಸುವುದು ಗೊತ್ತಿಲ್ಲ.