ಡೋಟಾ ಆಟದಲ್ಲಿ ಹೊಸಬರ ಕಲಿಕೆ

ಹುಲಿ-ಕುರಿ ಆಟವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಹುಲಿಯು ಕುರಿಯ ಮೇಲೆ ಹಾರಿ ಅದನ್ನು ಕೊಲ್ಲಬಲ್ಲುದು. ಕುರಿಗಾದರೋ ಕೊಲ್ಲುವ ಶಕ್ತಿಯೇ ಇಲ್ಲ. ಆದರೂ ಕುರಿಗಳು ಒಂದರ ಬೆನ್ನಿಗೊಂದು ನಿಂತು ಮನೆಗಳನ್ನು ತುಂಬಿದಾಗ ಹುಲಿಯು ಅಲುಗಾಡಲಾರದೆ ಸೋಲುತ್ತದೆ. ಇಂದು ನಮ್ಮ ವಿದ್ಯಾರ್ಥಿಗಳು ಅಂತರ್ಜಾಲದ ಮೂಲಕ ಆಡುತ್ತಿರುವ ತಂಡಕಾಳಗದ ಆಟಗಳಲ್ಲಿಯೂ ಗೆಲವಿನ ಮರ್ಮವು ಬಹುಮಟ್ಟಿಗೆ ಇದೇ ಆಗಿದೆ. ಹೊಸಬರು ಇದನ್ನು ಅರಿಯದೆ ಸೋಲುತ್ತಾರೆ. ಸೋತು, ಬೈಸಿಕೊಂಡು, ಆಟವನ್ನೇ ಬಿಡುತ್ತಾರೆ. ಇಂಥ ಆಟಗಳಲ್ಲಿ ಹೆಸರಾದ ಡೋಟಾ ೨ ಎಂಬುದನ್ನು ನಿದರ್ಶನವಾಗಿ ತೆಗೆದುಕೊಂಡು, ಕಲಿಕೆಯ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಡೋಟಾ ಮೊದಲಿಗೆ ವಾರ್‌ಕ್ರಾಫ್ಟ್ ೩ ಎಂಬ ಆಟಕ್ಕೆ ಹವ್ಯಾಸಿಗಳು ರಚಿಸಿದ ಒಂದು ನಕ್ಷೆಯಾಗಿತ್ತು. ಅದನ್ನನುಸರಿಸಿ ಅಮೆರಿಕದ ವಾಲ್ವ್ ಸಂಸ್ಥೆಯು ೨೦೧೩ರಲ್ಲಿ ಡೋಟಾ ೨ನ್ನು ಹೊರತಂದಿತು. ಇದರಲ್ಲಿ ಐವರಂತೆ ಎರಡು ತಂಡಗಳು. ರಣಭೂಮಿಯ ಎರಡು ಎದುರುಮೂಲೆಗಳಲ್ಲಿ ಎರಡು ಪಾಳೆಯಗಳು. ನಡುವೆ ಓರೆಯಾಗಿ ಹರಿಯುವ ನದಿ. ಪಾಳೆಯದಿಂದ ಪಾಳೆಯಕ್ಕೆ ಮೂರು ದಾರಿಗಳು. ಈ ದಾರಿಗಳಿಗೆ ಲೇನ್ ಎಂದು ಹೆಸರು. ಪ್ರತಿಯೊಂದು ಲೇನಿನಲ್ಲಿಯೂ ಒಂದೊಂದು ಪಕ್ಷಕ್ಕೆ ಮೂರು ಕಾವಲುಗೋಪುರಗಳಿವೆ. ಅರ್ಧ ನಿಮಿಷಕ್ಕೊಮ್ಮೆ ಕ್ರೀಪ್ ಎಂಬ ಕಾಲಾಳುಗಳು ತಾವಾಗಿಯೇ ಹೊರಟು ಎದುರಾಳಿಯತ್ತ ನಡೆಯುತ್ತವೆ. ಆಟಗಾರರು ನೂರಿಪ್ಪತ್ತಕ್ಕೂ ಹೆಚ್ಚಿನ ಹೀರೋಗಳಲ್ಲಿ ಒಬ್ಬೊಬ್ಬರನ್ನು ಆರಿಸಿಕೊಂಡು ಕಣಕ್ಕಿಳಿಯುತ್ತಾರೆ. ಎದುರು ಪಾಳೆಯದ ಮೂಲಕಟ್ಟಡವನ್ನು ಕೆಡವಿದ ತಂಡಕ್ಕೆ ಜಯ. ಯಾರು ಎಷ್ಟು ಮಂದಿಯನ್ನು ಕೊಂದರೆಂಬುದರಿಂದ ಜಯಾಪಜಯಗಳು ನಿರ್ಣಯವಾಗುವುದಿಲ್ಲ.

ಹೊಸಬರ ಮೊದಲ ತಪ್ಪುತಿಳಿವಳಿಕೆ ಇಲ್ಲಿಯೇ ಇದೆ. ಎದುರಾಳಿಯನ್ನು ಕಂಡೊಡನೆ ಮೇಲೆಬೀಳುವುದೇ ಆಟವೆಂದು ಅವರು ಭಾವಿಸುತ್ತಾರೆ. ವಾಸ್ತವವಾಗಿ ಮೊದಲ ಹತ್ತು ನಿಮಿಷಗಳ ಮುಖ್ಯ ಕೆಲಸವು ಸಂಪಾದನೆ. ಕ್ರೀಪಿನ ಪ್ರಾಣ ಹೋಗುವ ಕೊನೆಯ ಹೊಡೆತವನ್ನು ಯಾವ ಹೀರೋ ಹೊಡೆಯುವನೋ ಅವನಿಗೇ ಅದರ ಹೊನ್ನು ದಕ್ಕುತ್ತದೆ. ಆ ಹೊನ್ನಿನಿಂದ ಆಯುಧಗಳನ್ನು ಕೊಳ್ಳಬೇಕು. ದುಡುಕಿ ಸತ್ತವನು ಹೊನ್ನನ್ನೂ ಕಾಲವನ್ನೂ ಕಳೆದುಕೊಳ್ಳುವುದಲ್ಲದೆ, ತನ್ನ ಸಾವಿನಿಂದ ಎದುರಾಳಿಯನ್ನು ಶ್ರೀಮಂತನನ್ನಾಗಿಯೂ ಮಾಡುತ್ತಾನೆ. ಆದುದರಿಂದ ಸಾಯದಿರುವುದೇ ಹೊಸಬರ ಮೊದಲ ಪಾಠ.

ನಿಪುಣರಿಗೂ ಹೊಸಬರಿಗೂ ಇರುವ ಅಂತರವು ಬರಿಯ ಕೈಚಳಕದ್ದೆಂದು ತಿಳಿಯಬಾರದು. ಚದುರಂಗದಾಟದ ವಿಷಯವಾಗಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ೧೯೭೩ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಸ್ಮರಣೀಯವಾಗಿದೆ. ನಿಜವಾದ ಆಟದ ಒಂದು ಹಂತವನ್ನು ಐದು ಸೆಕೆಂಡು ಮಾತ್ರ ತೋರಿಸಿದಾಗ ಪರಿಣತನು ಕಾಯಿಗಳ ಸ್ಥಾನಗಳನ್ನು ಹೊಸಬನಿಗಿಂತ ಬಹಳ ಹೆಚ್ಚಾಗಿ ನೆನಪಿನಿಂದ ಜೋಡಿಸಿದನು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಆ ಮೇಲ್ಮೆ ಬಹುಮಟ್ಟಿಗೆ ಮಾಯವಾಯಿತು. ಅಂದರೆ ಪರಿಣತನಲ್ಲಿದ್ದುದು ಅಸಾಧಾರಣವಾದ ಜ್ಞಾಪಕಶಕ್ತಿಯಲ್ಲ. ಬಿಡಿಬಿಡಿಯಾದುದನ್ನು ಅರ್ಥವುಳ್ಳ ಗುಂಪುಗಳಾಗಿ ಕಾಣುವ ಅಭ್ಯಾಸ. ಡೋಟಾ ಆಟದಲ್ಲಿಯೂ ಮೊದಲು ಪಳಗಬೇಕಾದುದು ಕಣ್ಣು.

ಕಣ್ಣು ಪಳಗಬೇಕಾದರೆ ಒಮ್ಮೆಗೆ ಒಂದನ್ನೇ ಕಲಿಯಬೇಕು. ಮೊದಲು, ಕಂಪ್ಯೂಟರೇ ಆಡಿಸುವ ಎದುರಾಳಿಗಳೊಡನೆ ಅಭ್ಯಾಸಮಾಡುತ್ತ, ಕೊನೆಯ ಹೊಡೆತವೊಂದನ್ನೇ ಸಾಧಿಸುವುದು. ಎರಡನೆಯದಾಗಿ, ಎಲ್ಲ ಹೀರೋಗಳನ್ನೂ ರುಚಿನೋಡದೆ, ರೇತ್ ಕಿಂಗ್, ಕ್ರಿಸ್ಟಲ್ ಮೇಡನ್ ಮೊದಲಾದ ಸರಳರಲ್ಲಿ ಇಬ್ಬರು ಮೂವರನ್ನು ಹಿಡಿದು ಅವರಲ್ಲಿಯೇ ನಿಲ್ಲುವುದು. ಮೂರನೆಯದಾಗಿ, ಪರದೆಯ ಮೂಲೆಯಲ್ಲಿರುವ ಸಣ್ಣ ನಕ್ಷೆಯನ್ನು ಕೆಲವು ಕ್ಷಣಗಳಿಗೊಮ್ಮೆ ನೋಡುವುದು. ಎದುರಾಳಿಗಳಲ್ಲಿ ಮೂವರು ಎಲ್ಲಿಯೂ ಕಾಣದಿದ್ದರೆ ಅವರು ತನ್ನ ಕಡೆಗೇ ಬರುತ್ತಿರಬಹುದೆಂದು ಎಣಿಸಿ ಹಿಂದೆ ಸರಿಯುವುದು ಹೇಡಿತನವಲ್ಲ, ಜಾಣತನ. ನಾಲ್ಕನೆಯದಾಗಿ, ಸೋತ ಆಟದ ದಾಖಲೆಯನ್ನು ಮರುದಿನ ನೋಡಿ, ತಾನು ಸತ್ತ ಪ್ರತಿಯೊಂದು ಸಂದರ್ಭದಲ್ಲಿಯೂ ‘ಅದಕ್ಕೆ ಹತ್ತು ಸೆಕೆಂಡು ಮುಂಚೆ ನನಗೆ ಏನು ಕಾಣಬೇಕಾಗಿತ್ತು?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು.

ಇಷ್ಟಾದ ಮೇಲೆ ತಂಡಧರ್ಮ. ತಂಡದಲ್ಲಿ ಕ್ಯಾರಿ ಎಂಬವನು ಹೊನ್ನು ಕೂಡಿಸಿಕೊಂಡು ಕೊನೆಯಲ್ಲಿ ಬಲಿಷ್ಠನಾಗುತ್ತಾನೆ. ಸಪೋರ್ಟ್ ಎಂಬವನು ಅವನನ್ನು ಕಾಯುತ್ತಾನೆ, ಕತ್ತಲಲ್ಲಿರುವ ಕಾಡನ್ನು ತಂಡಕ್ಕೆ ಕಾಣಿಸುವ ವಾರ್ಡ್‌ಗಳನ್ನು ನೆಡುತ್ತಾನೆ. ಕಬಡ್ಡಿಯಲ್ಲಿ ಮೂಲೆಯವನು ಕಾಲು ಹಿಡಿದಾಗ ಉಳಿದವರು ಓಡಿಬರದಿದ್ದರೆ ಹಿಡಿತವು ನಿಲ್ಲುವುದೇ? ಇಲ್ಲಿಯೂ ಹಾಗೆಯೇ. ಎಲ್ಲರೂ ಕ್ಯಾರಿಗಳಾಗಲು ಹೊರಟ ತಂಡವು ಹಂಚಿಹೋಗುತ್ತದೆ.

ಶಿವಮೊಗ್ಗೆಯ ರವೀಂದ್ರನಗರದ ಮನೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಒಬ್ಬನೇ ಕುಳಿತಿರುವಂತೆ ಮನೆಯವರಿಗೆ ಕಾಣಬಹುದು. ಆದರೆ ಬೇರೆ ಊರುಗಳ ನಾಲ್ವರ ಕಾಲವು ಅವನಿಗೆ ಕಟ್ಟುಬಿದ್ದಿರುತ್ತದೆ. ಆಟವು ಮುಕ್ಕಾಲು ಗಂಟೆ ಹಿಡಿಯಬಹುದು. ನಡುವೆ ಬಿಟ್ಟೆದ್ದರೆ ಆಟದಲ್ಲಿಯೇ ದಂಡನೆಯುಂಟು. ಆದುದರಿಂದ ಕೈಯಲ್ಲಿ ಒಂದು ಗಂಟೆಯಿಲ್ಲದಾಗ, ಊಟಕ್ಕೆ ಕರೆಬರುವ ಹೊತ್ತಿನಲ್ಲಿ, ನಾಳೆ ಪರೀಕ್ಷೆಯಿರುವಾಗ ಆಟಕ್ಕೆ ಕೂಡಲೇಬಾರದು. ಅಪರಿಚಿತ ಜೊತೆಗಾರರ ಬೈಗುಳಗಳಿಗೆ ಮರುಬೈಗುಳವು ಮದ್ದಲ್ಲ; ಅವರ ಮಾತನ್ನು ಮ್ಯೂಟ್ ಮಾಡುವ ಅನುಕೂಲವು ಆಟದಲ್ಲಿಯೇ ಇದೆ. ಪರಿಚಿತರಾದ ಐವರು ಕೂಡಿ ಕಲಿಯುವುದಂತೂ ಎಲ್ಲಕ್ಕಿಂತ ಮೇಲು.

ಅಧ್ಯಾಪಕರು ಈ ಆಟವನ್ನು ಹಣದ ಪಣವೊಡ್ಡುವ ಆಟಗಳೊಡನೆ ಬೆರಸಬಾರದು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಪಣದಾಟವನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿ ಮನ್ನಿಸಿದೆ. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಕ್ರೀಡಾಸ್ಪರ್ಧೆಯಲ್ಲಿ ಭಾರತದ ತಂಡವು ಡೋಟಾ ೨ರಲ್ಲಿಯೇ ಕಂಚಿನ ಪದಕವನ್ನು ಪಡೆಯಿತು. ಹಾಗೆಂದು ಆಡುವವರೆಲ್ಲರೂ ಪದಕಕ್ಕಾಗಿ ಆಡಬೇಕಾಗಿಲ್ಲ. ಒಮ್ಮೆಗೆ ಒಂದನ್ನು ಕಲಿಯುವುದು, ಸೋಲನ್ನು ಮರುದಿನ ತಣ್ಣಗೆ ಪರಿಶೀಲಿಸುವುದು, ಜೊತೆಗಾರನ ಸ್ಥಾನವನ್ನು ತನ್ನ ಸ್ಥಾನದಷ್ಟೇ ಗಮನಿಸುವುದು, ಇವು ಆಟದಿಂದ ದೊರೆಯುವುದಾದರೆ ಅದು ತರಗತಿಯಲ್ಲಿಯೂ ಸಲ್ಲುವ ಲಾಭವೆಂದು ನಾವು ಭಾವಿಸುತ್ತೇವೆ.